ಆಯಸ್ಕಾಂತದ ಮಾತು ನಂಬಬೇಡಿ ಶೆಟ್ರೆ

ಎಂತ ಶೆಟ್ರೆ, ಬೆಳಿಗ್ಗೆ ಬೆಳಿಗ್ಗೆ ಗ್ಯಾಲರಿಯಲ್ಲಿ ಪಾತ್ರೆಗೆ ಆಯಸ್ಕಾಂತ ಹಿಡಿದು ಕೂತದ್ದು? ಅಂಟಲಿಲ್ಲ, ಹಾಗಾದರೆ ಅಸಲಿ ಅಂತಲೋ? ಪರೇಲ್‌ನ ಚಾಳುಗಳಲ್ಲಿ ಹಳೆ ಬಟ್ಟೆಗೆ ಪಾತ್ರೆ ಕೊಡುವವಳದ್ದೂ ಇದೇ ಪರೀಕ್ಷೆ ಮಾರಾಯ್ರೆ!

304 ಅನ್ನುವ ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕ್ಕಲ್. ನಿಕ್ಕಲ್ ದುಬಾರಿ. 202 ಅನ್ನುವ ದರ್ಜೆಯಲ್ಲಿ ಅದನ್ನು ಇಳಿಸಿ ಮ್ಯಾಂಗನೀಸ್ ತುಂಬುತ್ತಾರೆ. ಅದಕ್ಕೂ ಆಯಸ್ಕಾಂತ ಅಂಟುವುದಿಲ್ಲ, ಆದರೆ ಮುಂಬಯಿಯ ಉಪ್ಪುಗಾಳಿಗೆ 304ರಷ್ಟು ತಡೆಯುವುದೂ ಇಲ್ಲ. ಅತ್ತ ಕೆಇಎಂನಂಥ ಆಸ್ಪತ್ರೆಗಳಲ್ಲಿ ಡಾಕ್ಟರ್ ಹಿಡಿಯುವ ಕತ್ತರಿ ನೋಡಿ, ಸಾಧಾರಣವಾಗಿ ಅಂಟುವ ಜಾತಿಯದ್ದೇ. ಅದು ನಕಲಿಯಾ? 1913ರಲ್ಲಿ ಶೆಫೀಲ್ಡ್‌ನ ಹ್ಯಾರಿ ಬ್ರೇರ್ಲಿ ಕರಗಿಸಿದ ತುಕ್ಕು ಹಿಡಿಯದ ಉಕ್ಕೂ ಅಂಟುವಂಥದ್ದೇ ಆಗಿತ್ತು.

ಪಾತ್ರೆ ಬಿಡಿ, ನಿಮ್ಮ ಹೋಟೆಲಿನ ಅಡುಗೆಮನೆ ಟೇಬಲ್ಲಿನ ಕಥೆ ಹೇಳಿ. ಮೇಲೆ 304ರ ತಗಡು, ಕೆಳಗೆ ಸಾದಾ ಕಬ್ಬಿಣದ ಆ್ಯಂಗಲ್. ಬೆಸುಗೆ ಹಾಕಿದಲ್ಲೇ ಬಿರುಕು, ಬಿರುಕಿನಲ್ಲೇ ತುಕ್ಕು. ನಿಮ್ಮ ವೆಲ್ಡರ್ ಸಾದಾ ರಾಡ್ ಸುಟ್ಟಿರಬೇಕು. ಆಗ ತಗಡಿನ ಕ್ರೋಮಿಯಂ ಒಂದಿಷ್ಟು ಬೆಸುಗೆಗೆ ಕರಗಿ, ಬೆಸುಗೆ ಗಡಸಾಗಿ ಸಿಡಿಯುತ್ತದೆ. ತುಕ್ಕು ತಡೆಯುವಷ್ಟು ಕ್ರೋಮಿಯಮ್ಮೂ ಅಲ್ಲಿರುವುದಿಲ್ಲ. 304ಕ್ಕೆ 304 ಕೂಡಿಸುವ 308 ರಾಡೂ ಇಲ್ಲಿ ಸಾಲದು, ಕಬ್ಬಿಣ ಬೆರೆತು ತೆಳುವಾಗುತ್ತದೆ. ಇದಕ್ಕೆ ಬೇಕಾದದ್ದು 309ಎಲ್ ರಾಡ್. ಅದರಲ್ಲಿ ನೂರಕ್ಕೆ 23ರ ಮೇಲೆ ಕ್ರೋಮಿಯಂ, 12ರ ಮೇಲೆ ನಿಕ್ಕಲ್. ನೀರು ಬೀಳುವುದು ಗೊತ್ತಿದ್ದೇ ಮೊಸರು ಗಟ್ಟಿಯಾಗಿ ಹೆಪ್ಪು ಹಾಕುತ್ತೀರಲ್ಲ, ಹಾಗೆ. 1879ರಿಂದ ಇರುವ ಪರೇಲ್ ರೈಲ್ವೆ ವರ್ಕ್‌ಶಾಪಿನ ಹಳಬರನ್ನು ಕೇಳಿ, ರಾಡಿನ ಪೊಟ್ಟಣ ಓದದೆ ಹೋಲ್ಡರ್‌ಗೆ ಸಿಕ್ಕಿಸುವವನನ್ನು ಅವರು ವೆಲ್ಡರ್ ಅನ್ನುವುದೇ ಇಲ್ಲ.

ಇನ್ನೊಂದು, ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೀಲಿಗೆ ತಾಗಿಸಲು ಬಿಡಬೇಡಿ. ಕಬ್ಬಿಣದ ಪುಡಿ ಮೈಗೆ ಕಚ್ಚಿಕೊಂಡು ಒಳ್ಳೆ 304ರ ಮೇಲೂ ಕೆಂಪು ಚುಕ್ಕೆ ಏಳುತ್ತದೆ. ಬೈಗುಳ ತಿನ್ನುವುದು ಮಾತ್ರ ತಗಡು ಮಾರಿದವ! ಬೆಸುಗೆಯ ಪಕ್ಕದ ನೀಲಿ ಕಲೆಯನ್ನು ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೊಳೆಸಿ. ಅಂದಕ್ಕಲ್ಲ, ಅಲ್ಲಿಯೇ ತುಕ್ಕು ಶುರುವಾಗುವುದು.

ಹೊಸ ತಗಡಿಗೆ ಸಿ.ಪಿ. ಟ್ಯಾಂಕಿಗೆ ಹೋಗುತ್ತೀರಲ್ಲ, ಆಯಸ್ಕಾಂತ ಮನೆಯಲ್ಲೇ ಬಿಡಿ. ಸ್ಟೀಲ್ ವ್ಯಾಪಾರಿಗಳಲ್ಲಿ ಪರೀಕ್ಷೆಯ ದ್ರಾವಣ ಇರುತ್ತದೆ. ಒಂದು ಹನಿ ಬಿಟ್ಟು ಬ್ಯಾಟರಿ ತಾಗಿಸಿದರೆ ಮ್ಯಾಂಗನೀಸ್ ಜಾಸ್ತಿ ಇದ್ದದ್ದು ಕೆಂಪಾಗುತ್ತದೆ. ನಿಮ್ಮ ಕಣ್ಣೆದುರೇ ಮಾಡಿಸಿ. ಮತ್ತೆ ಬಿಲ್ಲಿನಲ್ಲಿ ಬರೇ ‘ಎಸ್.ಎಸ್.’ ಅಂತ ಗೀಚಿ ಕೊಟ್ಟರೆ ದುಡ್ಡು ಎಣಿಸಬೇಡಿ, 304 ಅಂತ ಬರೆಸಿಕೊಳ್ಳಿ.