ಸುತ್ತು ರಾಯರು

ಹ್ಯಾಮ್ ರೇಡಿಯೊದವರಲ್ಲಿ ಮಾತಾಡುವವರೂ ಇದ್ದಾರೆ, ಆಂಟೆನಾ ಕಟ್ಟುವವರೂ ಇದ್ದಾರೆ. ಬೆಂಗಳೂರಿನ ನಮ್ಮ ಥರ್ಟಿ-ಫಾರ್ಟಿ ಸೈಟಿನ ಮೇಲಿನ ಮನೆಯ ರಾಯರು ಎರಡನೇ ಪಂಗಡ. ಸರ್ಕಾರಿ ಪರೀಕ್ಷೆ ಪಾಸಾಗಿ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಪಡೆದವರು. ಅದನ್ನು ಮೈಕಿನಲ್ಲಿ ಹೇಳಿದ್ದಕ್ಕಿಂತ ಪೈಪುಗಳ ಮೇಲೆ ಮಾರ್ಕರ್‌ನಿಂದ ಬರೆದದ್ದೇ ಹೆಚ್ಚು.

40 ಮೀಟರ್ ಬ್ಯಾಂಡಿಗೆ ನೆಟ್ಟಗೊಂದು ಡೈಪೋಲ್ ಎಳೆಯಲು ಸುಮಾರು 20 ಮೀಟರ್ ಜಾಗ ಬೇಕು. ನಮ್ಮ ತಾರಸಿ ಮೂಲೆಯಿಂದ ಮೂಲೆಗೆ ಅಳೆದರೂ ಹೆಚ್ಚೆಂದರೆ 15. ಅದಕ್ಕೇ ಅಷ್ಟೂ ತಂತಿಯನ್ನು 2 ಮೀಟರ್ ಪಿವಿಸಿ ಪೈಪಿಗೆ ಸುತ್ತಿ ನಿಲ್ಲಿಸುವುದು. ಮೋಟಾರ್ ರಿವೈಂಡಿಂಗ್ ಅಂಗಡಿಯ ಎನಾಮಲ್ ತಂತಿ ಅವರದು, ಪೈಪು ತಿರುಗಿಸುವ ರಟ್ಟೆ ನನ್ನದು.

ಆಮೇಲೆ ಎಸ್‌ಡಬ್ಲ್ಯೂಆರ್ ಪಾರಾಯಣ: ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದುತ್ತದೆ ಎಂಬ ಅಳತೆ, ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಕೇಬಲ್ಲು 50 ಓಮ್. ಇಂಥ ಗಿಡ್ಡ ಆಂಟೆನಾದಲ್ಲಿ ನಿಜವಾಗಿ ಆಕಾಶಕ್ಕೆ ಹೋಗುವುದರ ಲೆಕ್ಕ ಕೆಲವೇ ಓಮ್. “ಒಂದು ಸುತ್ತು ಬಿಚ್ಚಿ... ಅರ್ಧ ಹಾಕಿ... ಸ್ವಲ್ಪ ದೂರ ನಿಲ್ರೀ, ನಿಮ್ಮ ಹೊಟ್ಟೆಗೆ ಫ್ರೀಕ್ವೆನ್ಸಿ ಇಳೀತಾ ಇದೆ!” ಹತ್ತಿರ ನಿಂತ ಮೈ ಕೆಪಾಸಿಟರಿನ ಕೆಲಸ ಮಾಡುವುದು ನಿಜವೇ. ಆದರೂ ಡಾಕ್ಟರು ಕೂಡ ಇಷ್ಟು ಮುಖಕ್ಕೆ ಹೊಡೆದಂತೆ ಹೇಳಿರಲಿಲ್ಲ.

ಕೊನೆಗೂ ಮೀಟರು 1.1 ತೋರಿಸಿದ ದಿನ ಮೈಸೂರುಪಾಕು ಹಂಚಿದರು. ಉತ್ತರ ಮಾತ್ರ ಯಾರಿಂದಲೂ ಇಲ್ಲ. ಅವರ ದನಿ ತಲುಪಿದ್ದು ನಮ್ಮ ಹಾಲ್‌ನ ಸ್ಪೀಕರಿಗೆ, ಅದೂ ಗೊರಗೊರ. “50 ಓಮಿನ ರೆಸಿಸ್ಟರ್ ಸಿಕ್ಕಿಸಿದರೂ ಎಸ್‌ಡಬ್ಲ್ಯೂಆರ್ ಚೆನ್ನಾಗೇ ಬರುತ್ತಲ್ಲ ರಾಯರೇ, ಅದು ಪಕ್ಕದ ಬೀದಿಗಾದರೂ ಕೇಳಿಸುತ್ಯೇ?” ಎಂದೆ. ಸಂಜೆಯವರೆಗೆ ಮಾತು ಬಿಟ್ಟರು.

ಮಾರನೇ ದಿನ ಬಟ್ಟೆ ಒಣಗಿಸುವ ಜಾಗದಲ್ಲೆಲ್ಲ ಪೈಪಿನ ಬುಡದಿಂದ ರೇಡಿಯಲ್ ತಂತಿ ಹಾಸಿದ್ದರು, ಎಡವಿದವನು ನಾನು. ಬುಡದಲ್ಲಿ ಸುಮ್ಮನೆ ಬಿಸಿಯಾಗಿ ಪೋಲಾಗುತ್ತಿದ್ದ ಪವರ್ ಉಳಿಯಿತು. ಆ ನಷ್ಟವೇ ಇಷ್ಟು ದಿನ ಮೀಟರನ್ನು ಖುಷಿಯಾಗಿಟ್ಟಿದ್ದು. ಅದು ತಗ್ಗಿದ್ದೇ ತಡ, ಬುಡದ ಓಮ್ ಇಳಿದು ಎಸ್‌ಡಬ್ಲ್ಯೂಆರ್ 3ಕ್ಕೆ ಹಾರಿತು. ರಾಯರ ಮುಖ ಸಪ್ಪಗಾಯಿತು. ಅದೇ ರಾತ್ರಿ ಇಂಡೊನೇಷ್ಯಾದವನೊಬ್ಬ ಓಗೊಟ್ಟ!

ಅಮೆರಿಕದಿಂದ ಮಗಳ ವಿಡಿಯೊ ಕಾಲ್ ದಿನಾ ಬರುತ್ತದೆ. ಅದಕ್ಕೆ ರಾಯರು ಕುರ್ಚಿ ಬಿಟ್ಟು ಏಳುವುದಿಲ್ಲ. ಇಲ್ಲಿ ಗರಗರ ಸದ್ದಿನೊಳಗೆ ತಮ್ಮ ಕಾಲ್‌ಸೈನನ್ನು ಯಾರೋ ಅರ್ಧಂಬರ್ಧ ಹೇಳಿದ್ದಕ್ಕೆ ಎದ್ದು ನಿಂತರು. ನಾನೂ ನಿಂತಿದ್ದೆ. ನಡುವೆ ಟವರಿಲ್ಲ, ಕಂಪನಿಯಿಲ್ಲ, ಬಿಲ್ಲಿಲ್ಲ. ಸಿಗ್ನಲ್ ರಿಪೋರ್ಟ್ ಕೊಟ್ಟು, “ಸೆವೆಂಟಿ ತ್ರೀ” ಎಂದು ವಿದಾಯ ಹೇಳಿ ರಾಯರು ಮೈಕು ಇಟ್ಟೇಬಿಟ್ಟರು.

“ಇನ್ನೆರಡು ಮಾತಾಡಬಾರದಿತ್ತೇ?”

“ಎಸ್‌ಡಬ್ಲ್ಯೂಆರ್ ಮೂರಿದೆ ಕಣ್ರೀ, ಏನು ಮಾತಾಡೋದು? ಬುಡಕ್ಕೊಂದು ಕಾಯಿಲ್ ಹಾಕಿ ಮ್ಯಾಚ್ ಮಾಡ್ಬೇಕು. ನಾಳೆ ಬೇಗ ಬನ್ನಿ. ತಿಂಡಿ ತಿಂದ್ಕೊಂಡು ಬರಬೇಡಿ ಮತ್ತೆ.”