ವಾತಾಯನಪುಷ್ಪಪೇಟಿಕಾಮೀಮಾಂಸೆ

ಮನೆಯ ಹೊರಗೋಡೆಗೆ, ಕಿಟಕಿಯ ಕೆಳಗೆ, ಮಣ್ಣು ತುಂಬಿದ ಪೆಟ್ಟಿಗೆಯೊಂದನ್ನು ಕೂರಿಸಿ ಅದರಲ್ಲಿ ಹೂಗಿಡ ಬೆಳೆಸುವ ಕಾರ್ಯವನ್ನು ಲೋಕವು ಸುಲಭವೆಂದು ಬಗೆದಿರುವುದು ಶಾಸ್ತ್ರಜ್ಞಾನದ ಅಭಾವದಿಂದಲೇ ಹೊರತು ಅನ್ಯಥಾ ಅಲ್ಲ. ಗೃಹಾಲಂಕಾರವನ್ನು ಕುರಿತ ವಿಚಾರಸಂಕಿರಣವೊಂದರಲ್ಲಿ, ಊಟದ ಹೊತ್ತು ಮೀರುವ ತನಕ ಕುಳಿತು, 'ಬಾಹ್ಯಾವರಣದ ಹಸುರು ಸಂವಾದ' ಎಂಬ ಪದಪುಂಜವನ್ನು ಲೆಕ್ಕ ತಪ್ಪುವಷ್ಟು ಸಲ ಆಲಿಸಿದ ಮೇಲೆ, ಈ ಶಾಸ್ತ್ರವನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳೆಂಬ ತಾಲ್ಲೂಕುಚತುಷ್ಟಯಕ್ಕೆ ಅನ್ವಯಿಸುವ ಗುರುತರವಾದ ಹೊಣೆ ತನ್ನ ಮೇಲೆಯೇ ಬಿದ್ದಿದೆಯೆಂದು ಪ್ರಬಂಧಕಾರನಿಗೆ ತೋರಿತು.

ಮೊದಲನೆಯದು ವಂಶಾಧಿಕರಣ. ಬಯಲುಸೀಮೆಯ ಈ ಬರಡು ನೆಲಕ್ಕೆ ಉದ್ಯಾನಸಂಸ್ಕಾರವೇ ಇಲ್ಲವೆಂಬುದು ಪೂರ್ವಪಕ್ಷ. ಇದು ನಿಲ್ಲತಕ್ಕದ್ದಲ್ಲ. 1687ರಲ್ಲಿ ಮೊಗಲರ ಸುಬಾಕ್ಕೆ ರಾಜಧಾನಿಯಾದ ಸಿರಾದಲ್ಲಿ ಉದ್ಯಾನಗಳಿದ್ದುವು. ಹೈದರಾಲಿಯು 1760ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದಾಗ ಮಾದರಿಯಾಗಿ ಕಂಡದ್ದು ಆ ಸಿರಾದ ತೋಟವನ್ನೇ ಎಂಬ ಪ್ರತೀತಿಯುಂಟು. ಹೀಗಿರಲು, ಲಾಲ್‌ಬಾಗಿನ ಸುತ್ತಲಿನ ನರ್ಸರಿಯವರು ಸಿರಾದವನಿಗೆ ಬಿಳಿಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನು 'ಯೂರೋಪಿಯನ್ ಡಿಸೈನು' ಎಂದು ಮಾರುವುದು, ಮೊಮ್ಮಗನು ಅಜ್ಜನ ಜಮೀನನ್ನು ಅಜ್ಜನಿಗೇ ಕ್ರಯಕ್ಕೆ ಕೊಟ್ಟಂತೆ. ಟಿಪ್ಪುವಿನ ಕಾಲದಲ್ಲಿ ಸಿರಾದ ಕುಟುಂಬಗಳನ್ನೇ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಲಾಯಿತು. ತೋಟವೂ ಹೋಯಿತು, ಜನವೂ ಹೋಯಿತು, ಊರಿಗೆ ಉಳಿದದ್ದು ಕೋಟೆ, ಮಸೀದಿ ಮತ್ತು ಬಿಸಿಲು.

ಎರಡನೆಯದು ಪ್ರಭೇದಾಧಿಕರಣ. ಸಜ್ಜಾದ ಮೇಲೂ ಕಾಂಪೌಂಡಿನ ಮೇಲೂ ಕಾಣಬರುವ ಪೇಟಿಕೆಗಳು ಪಂಚವಿಧ. ಹದಿನೈದು ಕಿಲೋ ಎಣ್ಣೆಯ ಟಿನ್ನಿನ ತಲೆ ಕತ್ತರಿಸಿದ್ದು ತೈಲಪೇಟಿಕೆ. ಇಪ್ಪತ್ತು ಲೀಟರಿನ ಪೇಂಟು ಬಕೆಟ್ಟು ವರ್ಣಪೇಟಿಕೆ, ಅದರ ಅಂಚಿನಲ್ಲಿ ಹಳೆಯ ಬಣ್ಣ ಉಳಿದಿದ್ದರೆ ಸಶೇಷ, ಇಲ್ಲದಿದ್ದರೆ ನಿಶ್ಶೇಷ. ಬುಡ ಸೀಳಿದ ಪ್ಲಾಸ್ಟಿಕ್ ಕೊಡವು ಭಗ್ನಘಟಪೇಟಿಕೆ. ನಾಲ್ಕನೆಯದಕ್ಕೆ ನಾಮಕರಣ ಮಾಡಲು ತೊಡಗಿದಾಗ ಪ್ರಬಂಧಕಾರನಿಗೆ ಬೇಸರವುಂಟಾಯಿತು. ತನ್ನ ದೊಡ್ಡಪತ್ರೆಯ ಡಬ್ಬವನ್ನು ಕೊರಟಗೆರೆಯ ಯಾವ ಗೃಹಿಣಿಯೂ ಈ ಬಗೆಯಾಗಿ ಕರೆದದ್ದಿಲ್ಲ, ಕರೆಯುವಷ್ಟು ಬಿಡುವೂ ಆಕೆಗಿಲ್ಲ. ಉಳಿದ ಪ್ರಭೇದಗಳನ್ನು ವಾಚಕರೇ ಊಹಿಸಿಕೊಳ್ಳತಕ್ಕದ್ದು.

ಮೂರನೆಯದಾದ ಭಾರಾಧಿಕರಣದಲ್ಲಿ ಮಾತ್ರ ಪರಿಹಾಸಕ್ಕೆ ಅವಕಾಶವಿಲ್ಲ. ಮೂರು ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಅಷ್ಟೇ ಆಳದ ಪೆಟ್ಟಿಗೆಯಲ್ಲಿ ಸುಮಾರು 48 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ನೀರು ಕುಡಿದ ಆ ಮಣ್ಣು 75 ಕಿಲೋಗೆ ಕಡಮೆ ತೂಗದು. ಎಂದರೆ, ಗಟ್ಟಿಮುಟ್ಟಾದ ಒಬ್ಬ ಗಂಡಸು ಹಗಲಿರುಳು ಕಿಟಕಿಗೆ ಜೋತುಬಿದ್ದಿರುತ್ತಾನೆ. ಇವನನ್ನು ಎರಡು ಸ್ಕ್ರೂಗಳಿಂದ ತೂಗುಹಾಕಬಹುದೆಂದು ಅಂಗಡಿಯ ಚಿತ್ರಪಟ ಹೇಳುತ್ತದೆ. "ಬ್ಯಾಡಿ ಸ್ವಾಮಿ, ಎಲ್ ಆಂಗಲ್ ಹಾಕ್ಸಿ, ಗ್ವಾಡೆ ಕಿತ್ಕೊಂಡ್ ಬತ್ತದೆ" ಎಂದು ವೆಲ್ಡಿಂಗ್ ಅಂಗಡಿಯ ಮೇಸ್ತ್ರಿ ಹೇಳುತ್ತಾನೆ. ಶಾಸ್ತ್ರವು ಮೇಸ್ತ್ರಿಯ ಪಕ್ಷದಲ್ಲಿದೆ. ತೆಂಗಿನ ನಾರಿನ ಪುಡಿಯನ್ನು ಅರ್ಧಕ್ಕರ್ಧ ಬೆರೆಸಿದರೆ ಭಾರವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ತುಮಕೂರು ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಪೆಟ್ಟಿಗೆಯ ತಳಕ್ಕೆ ತೂತುಗಳಿರಬೇಕು, ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದಂಗುಲ ಗಾಳಿಯಾಡಬೇಕು. ಇಲ್ಲದಿದ್ದರೆ ಸುಣ್ಣ ಹೊಪ್ಪಳಿಕೆಯೇಳುತ್ತದೆ. ಕಲ್ಲುಚಪ್ಪಡಿಯ ಮಾಳಿಗೆ, ಮೊಳದಗಲ ಮಣ್ಣುಗೋಡೆ, ಸೆಕೆಗೂ ಕಳ್ಳನಿಗೂ ಹೆದರಿ ಇಟ್ಟ ಚಿಕ್ಕ ಕಿಟಕಿ, ಇವುಳ್ಳ ಮಧುಗಿರಿಯ ಹಳೆಯ ಮನೆಗಳಿಗೆ ಈ ಅಧಿಕರಣವೇ ಅನ್ವಯಿಸುವುದಿಲ್ಲ. ಅಲ್ಲಿ ಗಿಡದ ಸ್ಥಾನ ಅಂಗಳದ ತುಳಸಿಕಟ್ಟೆ.

ಇನ್ನು ಜಲಾಧಿಕರಣ. ಚೈತ್ರ ವೈಶಾಖಗಳಲ್ಲಿ, ಪಡುವಣ ಬಿಸಿಲಿಗೆ ಮೈಯೊಡ್ಡಿದ ಇಂಥ ಪೆಟ್ಟಿಗೆಗೆ ದಿನಕ್ಕೆ ಎರಡು ಮೂರು ಲೀಟರು ನೀರು ಬೇಕು. ಈ ನೀರು ಎಲ್ಲಿಂದ ಬರತಕ್ಕದ್ದೆಂದು ಮೇಲ್ಕಂಡ ಸಂಕಿರಣದಲ್ಲಿ ಯಾರೋ ಕೇಳಿದಾಗ, ಅದು ವಿಷಯವ್ಯಾಪ್ತಿಗೆ ಹೊರಗೆಂದು ಅಧ್ಯಕ್ಷರು ತೀರ್ಪಿತ್ತರು; ಅವರ ಮುಂದೆ ಅರ್ಧ ಕುಡಿದ ನೀರಿನ ಬಾಟಲಿಯಿತ್ತು.

ವಿಷಯವ್ಯಾಪ್ತಿಗೆ ಹೊರಗೆ! ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಕೂಡದೆಂದು ಮಾನಕವಿರುವ ದೇಶದಲ್ಲಿ, ಅದನ್ನು ಮೀರಿದ ಕೊಳವೆಬಾವಿಗಳ ನೀರನ್ನು ಕುಡಿದೇ ಈ ಸೀಮೆಯ ಮಕ್ಕಳ ಹಲ್ಲು ಕಂದಿದೆ, ಹಿರಿಯರ ಕೀಲುಗಳು ಬಿಗಿದಿವೆ. ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತು, ನಾಣ್ಯ ಹಾಕಿ, ತುಂಬಿಸಿ, ಸೊಂಟದ ಮೇಲೆ ಹೊತ್ತು ತರುವ ಹೆಂಗಸು ಆ ನೀರನ್ನು ಬೀದಿಯ ಕಣ್ಣಿಗೆ ತಂಪಾಗಲೆಂದು ಪೆಟ್ಯೂನಿಯಾಗೆ ಹನಿಸಬೇಕೆ? ಇದೇ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಐದು ಹಳ್ಳಿಗಳಲ್ಲಿ, 13,000 ಎಕರೆಗಳ ಮೇಲೆ, 2,050 ಮೆಗಾವಾಟಿನ ಸೌರವಿದ್ಯುತ್ ಉದ್ಯಾನವೆದ್ದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಗುತ್ತಿಗೆಗೆ ರೈತನು ನೆಲ ಕೊಟ್ಟದ್ದು ದುರಾಸೆಯಿಂದಲ್ಲ, ಮಳೆಯನ್ನು ನಂಬಿ ಸೋತದ್ದರಿಂದ. ಆತನಿಗೆ ಆ ಹಣ ಬೇಕಾಗಿತ್ತೆಂಬುದನ್ನು ಬಲ್ಲೆ. ಆದರೆ ಕಡಲೆಕಾಯಿ ಬಿತ್ತುತ್ತಿದ್ದ ಹೊಲದಲ್ಲಿ ಗಾಜಿನ ಫಲಕಗಳ ಮೇಲಣ ಧೂಳನ್ನು ತೊಳೆಯಲು ನೀರು ಒದಗುವುದನ್ನೂ, ನೆಲವಿಲ್ಲದ ಕೂಲಿಯವಳಿಗೆ ಗುತ್ತಿಗೆಯ ಹಣವೂ ಇಲ್ಲ ಹೊಲದ ಕೆಲಸವೂ ಇಲ್ಲವೆಂಬುದನ್ನೂ ನೆನೆದಾಗ, ಉದ್ಯಾನವೆಂಬ ಮಾತನ್ನು ಮತ್ತೊಂದು ಸಲ ಬರೆಯಲು ಕೈ ಏಳದು.

ವರ್ಣಸಂಯೋಜನಾಧಿಕರಣವನ್ನು ಕೈಬಿಡಲಾಗಿದೆ.

ಇಷ್ಟಾಗಿಯೂ ಪೆಟ್ಟಿಗೆ ಬೇಕೇಬೇಕೆನ್ನುವವರು ಅದನ್ನು ಮೂಡಣ ಕಿಟಕಿಗೆ ಹಾಕಿಸಲಿ. ದೊಡ್ಡಪತ್ರೆ, ಲೋಳೆಸರ, ಕಾಕಡ, ಕನಕಾಂಬರಗಳಲ್ಲಿ ಮೊದಲೆರಡು ಮರೆತರೂ ಬದುಕುತ್ತವೆ, ಕೊನೆಯೆರಡಕ್ಕೆ ಅಕ್ಕಿ ತೊಳೆದ ನೀರು ಸಾಕು. ನೆಡುವುದಕ್ಕೆ ಉತ್ತರೆ ಹಸ್ತಾ ಮಳೆಗಳ ತನಕ ಕಾಯಬೇಕು. ಹಸ್ತಾ ಮಳೆಯೂ ಕೈಕೊಟ್ಟ ವರ್ಷ, ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ತಂದು, ಮಣ್ಣು ಸುರಿದು ಒರೆಸಿ, ಈರುಳ್ಳಿ ಹಾಕಿಡಬಹುದು.