ತಾರಸಿಯ ನೀರುಗಂಟಿ

ತಿಪಟೂರಿಗೆ ವರ್ಗವಾಗಿ ಬಂದ ಮೊದಲ ವಾರವೇ ನನ್ನ ಬಿಳಿ ಬನಿಯನ್ನುಗಳಲ್ಲಿ ಕೆಂಪು ಚುಕ್ಕೆ ಮೂಡತೊಡಗಿದವು. ಕಡು ಬೇಸಿಗೆ, ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ. ಆದರೂ ನಮ್ಮ ಬಾಗಿಲ ಮುಂದೆ ಮಾತ್ರ ಬೆಳಗಿನ ಜಾವ ಮೂರಕ್ಕೆ ಕೆಮ್ಮಣ್ಣಿನ ಮಳೆ. ನಾಲ್ಕನೆಯ ದಿನ ಕೊಡೆ ಹಿಡಿದುಕೊಂಡೇ ಮಹಡಿ ಹತ್ತಿದೆ. ತಾರಸಿಯ ಮೇಲೆ ಮನೆಯ ಯಜಮಾನರು ಹಣೆಗೆ ಟಾರ್ಚು ಬಿಗಿದುಕೊಂಡು, ಪಂಚೆ ಎತ್ತಿ ಕಟ್ಟಿ, ಪೈಪು ಹಿಡಿದು ನಿಂತಿದ್ದರು.

"ಬನ್ನಿ ಮೇಷ್ಟ್ರೇ," ಎಂದರು, ಹಾಡುಹಗಲಲ್ಲಿ ಕಾಫಿಗೆ ಕರೆದ ಹಾಗೆ. "ಕರೆಂಟ್ ಬಂತು. ಒಂದು ಸುತ್ತು ನೀರು ಕಟ್ಟಿಬಿಡಾನ ಅಂತ."

ನೀರು ಕಟ್ಟುವುದು ತೋಟಕ್ಕೆ ಆಡುವ ಮಾತು. ಇವರು ಕಟ್ಟುತ್ತಿದ್ದದ್ದು ನಲವತ್ತಮೂರು ಕುಂಡಗಳಿಗೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರೂ ಊರುಗಳಲ್ಲಿ ಬೀದಿಗೊಬ್ಬರು ಇಂಥವರಿದ್ದಾರೆ. ಹಳ್ಳಿಯಲ್ಲಿ ತೆಂಗಿನ ತೋಟ, ಪೇಟೆಯಲ್ಲಿ ಮನೆ. ಮಂಡಿ ನೋವು ಶುರುವಾದ ಮೇಲೆ ತೋಟ ತಮ್ಮನ ಪಾಲಿಗೆ, ತಾರಸಿ ಇವರ ಪಾಲಿಗೆ. ನಮ್ಮ ಬೀದಿ ಇವರಿಗಿಟ್ಟ ಹೆಸರು ನೀರುಗಂಟಿ. ಹಿಂದೆ ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಹಂಚುತ್ತಿದ್ದವನಿಗೆ ಆ ಹೆಸರು. ತೂಬು ತೆಗೆಯುವುದು ಯಾರಿಗೂ ಬರುತ್ತದೆ. ಹೊತ್ತಿಗೆ ಸರಿಯಾಗಿ ಮುಚ್ಚುವುದಕ್ಕೇ ಊರು ಅವನಿಗೆ ಕಾಳು ಅಳೆಯುತ್ತಿದ್ದದ್ದು. ನಮ್ಮ ಯಜಮಾನರಿಗೆ ಈ ವಿದ್ಯೆಯಲ್ಲಿ ಅರ್ಧ ಮಾತ್ರ ಕೈಗೂಡಿತ್ತು.

ತಪ್ಪು ಪೂರ್ತಿ ಅವರದೆನ್ನಲೂ ಆಗದು. ಅವರ ಊರು ಚಿಕ್ಕನಾಯಕನಹಳ್ಳಿ ಕಡೆಯದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಇವರ ಹಳ್ಳಿಯಲ್ಲಿ ಆ ಹೊಳೆ ಬಹುಕಾಲ ಚುನಾವಣೆ ಭಾಷಣದಲ್ಲಷ್ಟೇ ಹರಿಯಿತು. ಬಾವಿ ಬತ್ತಿತು, ಬೋರ್‌ವೆಲ್ ಬಂತು, ಬೋರ್‌ವೆಲ್ಲಿನ ಹಿಂದೆ ತ್ರೀ ಫೇಸ್ ಕಾಯುವ ಕೆಲಸ ಬಂತು. ಅದು ನಡುರಾತ್ರಿ ಬಂದರೆ ನಡುರಾತ್ರಿಯೇ ತೋಟಕ್ಕೆ ಓಟ. ಮರಕ್ಕೆ ಬಾಯಾರಿಕೆಯೋ ಅಲ್ಲವೋ ಕೇಳಿದವರಿಲ್ಲ. ಕರೆಂಟ್ ಇರುವಷ್ಟು ಹೊತ್ತು ನೀರು. ತೆಂಗು ಅದನ್ನು ತಡೆದುಕೊಂಡಿತು. ದೊಡ್ಡ ಮರಕ್ಕೆ ಬುಡದಿಂದ ಆರಡಿ ಸುತ್ತ ಪಾತಿ ಮಾಡಿ, ನಾಲ್ಕು ದಿನಕ್ಕೊಮ್ಮೆ ಸುಮಾರು 200 ಲೀಟರ್ ಕೊಡಿ ಎಂದು ಬಲ್ಲವರೇ ಹೇಳುತ್ತಾರೆ. ಹೆಚ್ಚಾದದ್ದನ್ನು ಕೆಳಗಿನ ಭೂಮಿ ಕುಡಿಯುತ್ತದೆ. ತಾರಸಿಯ ಕುಂಡದ ಕೆಳಗೆ ಇರುವ ಭೂಮಿ ಎಂದರೆ ನನ್ನ ಬನಿಯನ್.

ಕುಂಡಗಳೋ, ಒಂದೊಂದೂ ಒಂದು ಕಾಲದ ಕುರುಹು. ಮನೆಗೆ ಬಣ್ಣ ಹೊಡೆಸಿದಾಗ ಉಳಿದ 20 ಲೀಟರಿನ ಡಬ್ಬಗಳಲ್ಲಿ ಗುಲಾಬಿ. ಮಗಳ ಮದುವೆಯಲ್ಲಿ ಸಾರು ಬಡಿಸಿದ್ದ ಬಕೀಟಿನಲ್ಲಿ ಕರಿಬೇವು. ಒಡೆದ ಸಿಂಟೆಕ್ಸಿನ ತಳದಲ್ಲಿ ದಾಸವಾಳ. ಮಣ್ಣಿನ ಕುಂಡ ಮೂರಿದ್ದವು. ಮೈಯೆಲ್ಲ ಉಸಿರಾಡಿ ತೇವ ಹೊರಹಾಕುವುದು ಅವುಗಳ ಗುಣ. ನೋಡಲು ಚೆಂದವಿರಲಿ ಎಂದು ಅವಕ್ಕೂ ಎನಾಮೆಲ್ ಬಳಿದು ಉಸಿರು ಕಟ್ಟಿಸಿದ್ದರು.

ಬಕೀಟು, ಡಬ್ಬ ಯಾವುದಕ್ಕೂ ತಳದಲ್ಲಿ ತೂತಿರಲಿಲ್ಲ.

"ತೂತು ಹೊಡೆದ್ರೆ ಹಾಕಿದ ಗೊಬ್ರದ ಸಾರವೆಲ್ಲ ಇಳಿದು ಹೋಗ್ತದೆ ಕಣ್ ಮೇಷ್ಟ್ರೇ," ಎಂದರು.

"ಕೆರೆಗೆ ತೂಬು, ಕೋಡಿ ಎರಡೂ ಇಲ್ಲದಿದ್ದರೆ ಏನಾಗುತ್ತೆ ಯಜಮಾನ್ರೇ?"

"ಏರಿ ಒಡೀತದೆ."

"ಡಬ್ಬಕ್ಕೆ ಒಡೆಯೋ ಶಕ್ತಿ ಇಲ್ಲ. ಅದಕ್ಕೇ ಗಿಡ ಸಾಯುತ್ತೆ."

ಅವರು ಒಪ್ಪಲಿಲ್ಲ. ಅವರ ಕೈಯಲ್ಲಿ ಪ್ರತ್ಯಕ್ಷ ಸಾಕ್ಷಿ ಇತ್ತು: ಒಂದು ಪನ್ನೀರು ಗುಲಾಬಿ ತಲೆ ಬಗ್ಗಿಸಿ ನಿಂತಿತ್ತು. "ನೋಡಿ, ಹೆಂಗೆ ಬಾಡೈತೆ. ಬಾಯಾರಿಕೆ ಇಲ್ದೆ ಬಾಡ್ತದಾ?" ಎಂದು ಮತ್ತೊಂದು ಚೊಂಬು ಸುರಿದರು. ಇದೇ ಕುಂಡದ ಗಿಡದ ದೊಡ್ಡ ಮೋಸ. ಮಣ್ಣಿನ ಕಣಗಳ ಸಂದಿಯಲ್ಲಿ ಗಾಳಿ ಇರಬೇಕು. ಬೇರು ಉಸಿರಾಡುವುದು ಅದರಿಂದ. ಸಂದಿಯೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆಗ ನೀರಿನ ನಡುವೆಯೇ ನಿಂತು ಗಿಡ ಬಾಡುತ್ತದೆ, ಥೇಟ್ ಬಾಯಾರಿದ ಗಿಡದ ಹಾಗೆಯೇ. ನೋಡಿದವರು ಕರುಳು ಕಿವುಚಿ ಇನ್ನಷ್ಟು ಹಾಕುತ್ತಾರೆ. ಆ ವಾರ ಗುಲಾಬಿಯನ್ನು ಕಿತ್ತಾಗ ಬೇರು ಕಪ್ಪಗೆ, ಮುಟ್ಟಿದರೆ ಸಿಪ್ಪೆ ಕೈಗೆ ಬರುವಂತಿತ್ತು. ವಾಸನೆ ತಾರಸಿ ದಾಟಿ ಬೀದಿಗಿಳಿಯಿತು. ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗಲೂ "ಏಳ್ತದೆ ಬಿಡು" ಎಂದು ಎಲೆ ಅಡಿಕೆ ಹಾಕಿಕೊಂಡಿದ್ದ ಮನುಷ್ಯ, ಆ ದಿನ ಮಧ್ಯಾಹ್ನ ಊಟ ಬಿಟ್ಟರು.

ಮರುದಿನ ಡ್ರಿಲ್ಲಿಂಗ್ ಮೆಷಿನ್ ಬಂತು. ಒಂದೊಂದು ಡಬ್ಬಕ್ಕೂ ಐದೈದು ತೂತು. ನನಗೆ ಖುಷಿ. ಆದರೆ ತೂತಿನ ಮೇಲೆ ಅವರು ಒಂದು ಗೇಣು ಕರಟದ ಚೂರು, ಅದರ ಮೇಲೆ ಜಲ್ಲಿ ತುಂಬಿದರು. "ನೀರು ಸರಾಗ ಇಳೀಲಿ ಅಂತ." ಈ ಮಾತನ್ನು ನಂಬದವರು ಲೋಕದಲ್ಲೇ ಕಡಿಮೆ.

ನಾನು ವಿಜ್ಞಾನದ ಮೇಷ್ಟ್ರು; ಬಾಯಿ ಸುಮ್ಮನಿರಲಿಲ್ಲ. ಅಡುಗೆ ಮನೆಯಿಂದ ಪಾತ್ರೆ ತಿಕ್ಕುವ ಸ್ಪಂಜು ತಂದು ನೀರಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಡ್ಡ ಮಲಗಿಸಿದೆ. ತೊಟ್ಟಿಕ್ಕುವಷ್ಟು ತೊಟ್ಟಿಕ್ಕಿ ನಿಂತಿತು. "ನೀರು ಮುಗೀತಾ?" "ಮುಗೀತು." ಅದನ್ನೇ ಎತ್ತಿ ಉದ್ದುದ್ದ ಹಿಡಿದೆ. ಮತ್ತೆ ಧಾರೆಯಾಗಿ ಇಳಿಯಿತು. ಯಜಮಾನರು ಸ್ಪಂಜಿನ ಹಿಂದೆ ಪೈಪಿದೆಯೇ ಎಂದು ತಿರುಗಿಸಿ ನೋಡಿದರು.

"ಕುಂಡದ ಮಣ್ಣೂ ಹೀಗೇ. ತಳದಲ್ಲಿ ಇಂತಿಷ್ಟು ಎತ್ತರದವರೆಗೆ ನೀರು ಹಿಡಿದುಕೊಂಡೇ ಇರುತ್ತೆ, ತೂತಿದ್ದರೂ. ಆಳದ ಕುಂಡದಲ್ಲಿ ಅದರ ಮೇಲೆ ಬೇರಿಗೆ ಬೇಕಾದಷ್ಟು ಜಾಗ ಉಳಿಯುತ್ತೆ. ನೀವು ಒಂದು ಗೇಣು ಜಲ್ಲಿ ತುಂಬಿದರೆ ಆಳದ ಕುಂಡ ತಟ್ಟೆಯಾಯಿತು. ಸಣ್ಣ ಸಂದಿಯ ಮಣ್ಣು ತಾನು ಹಿಡಿದ ನೀರನ್ನು ದೊಡ್ಡ ಸಂದಿಯ ಜಲ್ಲಿಗೆ ಬಿಟ್ಟುಕೊಡೋದು ತಾನು ಪೂರಾ ನೆಂದ ಮೇಲೇ. ನೆಂದ ಪದರ ತಳ ಬಿಟ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬಂತು."

"ಅಂದ್ರೆ ಮಣ್ಣು ನಮ್ಮ ಹಳೇ ಸಾಹುಕಾರನ ಹಂಗೆ," ಎಂದರು. "ಹೊಟ್ಟೆ ಬಿರಿಯೋಗಂಟ ಬಿಚ್ಚಲ್ಲ."

ಜಲ್ಲಿ ಹೋಯಿತು. ಅದರ ಜಾಗಕ್ಕೆ ಬೆಂಗಳೂರಿನ ಮಗ ಕಳಿಸಿದ ಪಾರ್ಸಲ್ ಬಂತು: ಐದು ಕೇಜಿಯ ಇಟ್ಟಿಗೆಯಂಥ ಕೊಕೊಪೀಟ್. ಬಿಚ್ಚಿ ಮೂಸಿದವರೇ, "ಇದು ನಮ್ಮ ನಾರಿನ ಫ್ಯಾಕ್ಟರಿ ಪುಡಿ ಅಲ್ವಾ?" ಎಂದರು. ಹೌದು. ಇವರ ಕಾಯಿ ಸಿಪ್ಪೆ ನಾರಾಗಿ, ಉದುರಿದ ಪುಡಿ ಒತ್ತಿ ಇಟ್ಟಿಗೆಯಾಗಿ, ಬೆಂಗಳೂರು ಸುತ್ತಿ ಬೆಲೆ ಕಟ್ಟಿಸಿಕೊಂಡು ತವರಿಗೆ ಬಂದಿತ್ತು. ನೀರಲ್ಲಿ ಅದ್ದಿದರೆ ಅದು ಉಬ್ಬಿ ಸುಮಾರು 70 ಲೀಟರ್ ಆಗುತ್ತದೆ; ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ಉಪ್ಪಿನಂಶ ಹೋಗಲು ಮೊದಲು ತೊಳೆಯಬೇಕು, ಗೊಬ್ಬರ ಬೇರೆ ಬೆರೆಸಬೇಕು, ಮಣ್ಣಿಗೆ ಒಂದು ಪಾಲು ಸಾಕು. ಯಜಮಾನರು ಇಡೀ ಡಬ್ಬ ಅದನ್ನೇ ತುಂಬಿದರು. ತೋಟದಲ್ಲಿ ಕಾಯಿ ಸಿಪ್ಪೆಯನ್ನು ಬೊಗಸೆಯಂತೆ ಮೇಲ್ಮುಖವಾಗಿ ಹೂತು ವರ್ಷಗಟ್ಟಲೆ ತೇವ ಕಾಪಾಡಿದ್ದವರಿಗೆ ಬೇರೆ ಹೇಗೆ ತೋಚೀತು? ಒಣಭೂಮಿಗೆ ವರವಾದದ್ದು ಡಬ್ಬಕ್ಕೆ ಶಾಪ. ಅದೂ ಅಲ್ಲದೆ ಈ ಪುಡಿ ಮೇಲೆ ಒಣಗಿ ಬೆಳ್ಳಗಾಗುತ್ತದೆ, ಒಳಗೆ ಪಾಯಸದಂತಿರುತ್ತದೆ. ಮೇಲು ನೋಡಿ ನೀರು ಹಾಕುವವರಿಗೆಂದೇ ದೇವರು ಮಾಡಿದ ವಸ್ತು.

ನನ್ನ ಬನಿಯನ್ ಉಳಿಸಲೆಂದು ಅವರು ಎಲ್ಲ ಕುಂಡಕ್ಕೂ ತಟ್ಟೆ ಕೊಟ್ಟರು. ತಟ್ಟೆಯಲ್ಲಿ ನಿಂತ ನೀರಲ್ಲಿ ಒಂದೇ ವಾರಕ್ಕೆ ಹುಳು ಕುಣಿದವು. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಒಂದೊಂದನ್ನೇ ಎತ್ತಿ ಮಗುಚುತ್ತ, "ತಾತ, ಗಿಡ ಸಾಕ್ತಿದೀರೋ ಸೊಳ್ಳೆ ಸಾಕ್ತಿದೀರೋ?" ಎಂದಳು. ಆ ವೇಳೆಗೆ ಬಾಗಿಲಿಗೆ ಬಂದಿದ್ದ ಅಮ್ಮನವರು, "ಎರಡೂನೂವೆ. ಜತೆಗೆ ನನ್ನ ತಾಳ್ಮೆನೂ," ಎಂದರು.

ಕೊನೆಗೆ ಪಾಠ ಕಲಿಸಿದ್ದೂ ಅಮ್ಮನವರೇ. ಕೊಬ್ಬರಿ ವ್ಯಾಪಾರದವನು ಬರುವ ದಿನ. ಅಟ್ಟದ ಮೇಲೆ ಹನ್ನೊಂದು ತಿಂಗಳಿಂದ ಕಾಯಿ ಕೂತಿತ್ತು. ಉಂಡೆ ಕೊಬ್ಬರಿಯ ಗುಟ್ಟೇ ಅದು: ಒಳಗಿನ ನೀರು ತಾನಾಗಿ ಇಂಗುವವರೆಗೆ ಮುಟ್ಟದೆ ಬಿಡುವುದು. ಯಜಮಾನರು ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಗಡಗಡ. "ಆಗೈತೆ." ಇನ್ನೊಂದು. ಲೊಟಕ್ ಲೊಟಕ್. "ಇದರಾಗೆ ಇನ್ನೂ ನೀರೈತೆ. ಮುಟ್ಟಬೇಡಿ, ಅಲ್ಲೇ ಇರ್ಲಿ."

ಅಮ್ಮನವರು ಏನೂ ಹೇಳದೆ ತಾರಸಿಗೆ ಹೋಗಿ, ಹೂವಿನ ಗಿಡದ ಪುಟ್ಟ ಡಬ್ಬವೊಂದನ್ನು ತಂದು ಅವರ ಕೈಗಿಟ್ಟರು. "ಇದರಾಗೆ?"

ಅವರು ಅಭ್ಯಾಸ ಬಲದಿಂದ ಎತ್ತಿ ತೂಗಿದರು. ಕಲ್ಲಿನಂತೆ ಭಾರ. ವ್ಯಾಪಾರದವನ ಮುಂದೆ ಸುಳ್ಳು ಹೇಳುವ ಹಾಗಿರಲಿಲ್ಲ. "ನೀರೈತೆ," ಎಂದರು.

"ಮತ್ತೆ ಮುಟ್ಟಬೇಡಿ."

ಅಂದಿನಿಂದ ಕ್ರಮ ಬದಲಾಯಿತು. ಎತ್ತಲಾಗುವ ಕುಂಡವನ್ನು ಎತ್ತಿ ನೋಡುವುದು, ಎತ್ತಲಾಗದ್ದಕ್ಕೆ ಎರಡನೆಯ ಗೆಣ್ಣಿನವರೆಗೆ ಬೆರಳು ಇಳಿಸುವುದು, ಹಗುರವಾಗಿದ್ದರೆ, ಒಣಗಿದ್ದರೆ ಮಾತ್ರ, ತಳದ ತೂತಿನಲ್ಲಿ ಇಳಿಯುವಷ್ಟು ತುಂಬಾ ನೀರು, ತಟ್ಟೆಗಿಳಿದದ್ದನ್ನು ಚೆಲ್ಲುವುದು. ದಾಸವಾಳ ಚಿಗುರಿತು. ಮೂರು ವಾರ ನನ್ನ ಬನಿಯನ್ನುಗಳು ಅಂಗಡಿಯಿಂದ ತಂದಂತಿದ್ದವು.

ನಾಲ್ಕನೆಯ ವಾರ, ರಾತ್ರಿ ಮೂರು ಗಂಟೆ. ಹೋಗಿದ್ದ ಕರೆಂಟ್ ಬಂತು. ಮೇಲೆ ಸ್ವಿಚ್ಚಿನ ಸದ್ದು, ಮೋಟರಿನ ಗುಂಯ್, ಆಮೇಲೆ ಹೆಜ್ಜೆ. ಹೆಜ್ಜೆ ನಿಂತು ನಿಂತು ಸಾಗುತ್ತಿತ್ತು. ಕತ್ತಲಲ್ಲಿ ಒಂದೊಂದೇ ಡಬ್ಬ ಎತ್ತಿ, "ನಿಂಗೆ ನಾಳಿಕ್ಕೆ... ನಿಂಗೂ ನಾಳಿಕ್ಕೆ," ಎಂದು ಕೆಳಗಿಡುವುದು ಕೇಳಿಸಿತು. ನಲವತ್ತಮೂರೂ ಬೇಡವೆಂದಿರಬೇಕು. ಮೋಟರು ಓಡುತ್ತಿದೆ, ಕೈಯಲ್ಲಿ ಪೈಪಿದೆ, ಕರೆಂಟ್ ಇದೆ. ಐವತ್ತು ವರ್ಷದ ಕೈ ಏನು ಮಾಡೀತು?

ತುಸು ಹೊತ್ತಿಗೆ ಪೈಪು ತಾರಸಿಯ ಅಂಚು ದಾಟಿ ಧೊಪ್ಪನೆ ಕೆಳಗೆ ಬಿತ್ತು, ನಮ್ಮ ಬಾಗಿಲ ಪಕ್ಕದ ತೆಂಗಿನ ಮರದ ಪಾತಿಗೆ. ನನಗೆ ಸಮಾಧಾನವಾಯಿತು, ಕುಡಿಯಬಲ್ಲವರಿಗೆ ಕುಡಿಸುತ್ತಿದ್ದಾರೆ ಎಂದು ಮಗ್ಗುಲಾದೆ.

ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟರೆ ಚಪ್ಪಲಿ ತೇಲುತ್ತಿತ್ತು.